ನಾಲ್ಕು ಬೆರಳು ಎತ್ತರ

ಗಾಜಿನ ಆಚೆ ಗ್ರಾನಾ ನಿಧಾನವಾಗಿ ಮೇಲೇರಿದಳು. ಮೊದಲು ಚಕ್ರಗಳು ನೆಲ ಬಿಟ್ಟವು, ಆಮೇಲೆ ಬಾಗಿಲುಗಳು ಎದೆಮಟ್ಟಕ್ಕೆ ಬಂದವು, ಕೊನೆಗೆ ಬೆಂಚಿನ ಮೇಲೆ ಕೂತಿದ್ದ ಓಡ್ನಿಗೆ ತನ್ನ ವ್ಯಾನಿನ ತಳ ಪೂರ್ತಿ ಕಾಣಿಸಿತು. ಅವಳಿಗೆ ನಾಚಿಕೆಯಾಯಿತು. ಇಪ್ಪತ್ತಾರು ವರ್ಷದ ಹಳೇ ಗಾಡಿಯ ತಳ ಕಂಡು ಐವತ್ತೇಳು ವರ್ಷದ ಹೆಂಗಸು ನಾಚಿಕೊಳ್ಳುವುದೆಂದರೇನು ಎಂದು ತನ್ನನ್ನು ತಾನೇ ಬೈದುಕೊಂಡಳು. ಆದರೆ ಆ ನಾಚಿಕೆಯ ಪಕ್ಕದಲ್ಲೇ ಇನ್ನೊಂದು ಕೂತಿತ್ತು. ಅದರ ಹೆಸರು ಹೆಮ್ಮೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಒಪ್ಪಿಕೊಳ್ಳಲು ಮಾತ್ರ ಧೈರ್ಯ ಸಾಲುತ್ತಿರಲಿಲ್ಲ. ಅಲ್ಲಿ ಮೇಲೆ, ಹಿಂದಿನ ಚಕ್ರಗಳ ಒಳಮಗ್ಗುಲಲ್ಲಿ, ಗುಜರಿಯಲ್ಲಿದ್ದ ಜೀಪೊಂದರಿಂದ ಕಿತ್ತು ತಂದ ಉದ್ದನೆಯ ಸ್ಪ್ರಿಂಗುಗಳು ಹೊಸ ಕಪ್ಪು ಬಣ್ಣದಲ್ಲಿ ಮಿರುಗುತ್ತಿದ್ದವು. ಮುಂದಿನ ಸ್ಪ್ರಿಂಗುಗಳ ನೆತ್ತಿಯ ಮೇಲೆ ಬಿಳಿ ಪ್ಲಾಸ್ಟಿಕ್ಕಿನ ದಪ್ಪ ಬಿಲ್ಲೆಗಳು. ಒಂದೊಂದು ನಟ್ಟಿನ ಮೇಲೂ ಹಳದಿ ಬಣ್ಣದ ಸಣ್ಣ ಗೆರೆ. ಇದನ್ನು ಬಿಗಿದಾಗಿದೆ, ಮರೆತಿಲ್ಲ ಎಂಬುದಕ್ಕೆ ಗುರುತು. ಗ್ರಾನಾ ಈಗ ಮೊದಲಿಗಿಂತ ನಾಲ್ಕು ಬೆರಳು ಎತ್ತರ. ಓಡ್ನಿ ತನ್ನ ಎಡಗೈಯ ನಾಲ್ಕು ಬೆರಳುಗಳನ್ನು ತೊಡೆಯ ಮೇಲೆ ಜೋಡಿಸಿಟ್ಟು ನೋಡಿದಳು. ಇಷ್ಟೇ. ಇಷ್ಟಕ್ಕೆ ಇಡೀ ಬೇಸಿಗೆ ಹೋಗಿತ್ತು.

ಕ್ರೋಕುರ್ ಪಟ್ಟಣದ ಈ ತಪಾಸಣೆ ಶೆಡ್ಡು ಶುಕ್ರವಾರ ನಾಲ್ಕು ಗಂಟೆಗೆ ಬಾಗಿಲು ಹಾಕುತ್ತದೆ. ಈಗ ಒಂದೂವರೆ. ನಾಳೆ ಬೆಳಿಗ್ಗೆ ಕಣಿವೆಯ ಹದಿನೆಂಟು ಜನ ಕುದುರೆ ಹತ್ತಿ, ಬೇಸಿಗೆಯೆಲ್ಲ ಬೆಟ್ಟದ ಮೇಲೆ ಮೇಯಲು ಬಿಟ್ಟ ಕುರಿಗಳನ್ನು ಇಳಿಸಿ ತರಲು ಹೊರಡುತ್ತಾರೆ. ಮೂರು ದಿನ, ಎರಡು ರಾತ್ರಿ. ಅವರ ಹಿಂದೆ ಅಡುಗೆಯ ಗಾಡಿ. ಹನ್ನೊಂದು ವರ್ಷದಿಂದ ಆ ಗಾಡಿ ಓಡ್ನಿಯದು, ಅಡುಗೆಯೂ ಅವಳದೇ. ಗಾಡಿಯನ್ನು ಎತ್ತರಿಸಿದ ಮೇಲೆ ಅದಕ್ಕೆ ಬದಲಾವಣೆಯ ಪತ್ರ ಬೇಕು, ಪತ್ರವಿಲ್ಲದೆ ರಸ್ತೆಗಿಳಿಸುವ ಹಾಗಿಲ್ಲ, ಮತ್ತು ಆ ಪತ್ರಕ್ಕೆ ಸಹಿ ಹಾಕಬೇಕಾದ ತ್ರಿಗ್ವಿ ಈಗ ಟಾರ್ಚು ಹಿಡಿದು ಗ್ರಾನಾಳ ಕೆಳಗೆ ಕತ್ತೆತ್ತಿ ನಿಂತಿದ್ದ. ನಿಂತವನು ಸಣ್ಣಗೆ ಶಿಳ್ಳೆ ಹಾಕುತ್ತಿದ್ದ. ಅದು ಮೆಚ್ಚಿಗೆಯ ಶಿಳ್ಳೆಯೋ, ಪದ್ಯಕ್ಕೆ ಪ್ರಾಸ ಹುಡುಕುವ ಶಿಳ್ಳೆಯೋ ಅವಳಿಗೆ ತಿಳಿಯಲಿಲ್ಲ. ಆ ಹದಿನೆಂಟು ಜನರಲ್ಲಿ ಇವನೂ ಒಬ್ಬ, ಹೋದ ವರ್ಷದ ಪದ್ಯ ಕಟ್ಟಿದವನು ಇವನೇ.

ಹೋದ ವರ್ಷ ಕಾಲ್ದಾ ಹೊಳೆಯ ನಡುವೆ ಗ್ರಾನಾ ಕೂತುಬಿಟ್ಟಿದ್ದಳು. ನೀರೇನೂ ಹೆಚ್ಚಿರಲಿಲ್ಲ, ನೀರಿನಡಿಯ ಒಂದು ಗುಂಡುಕಲ್ಲು ಹೊಟ್ಟೆಗೆ ಸಿಕ್ಕಿ, ನಾಲ್ಕೂ ಚಕ್ರ ಸುಮ್ಮನೆ ತಿರುಗುತ್ತಿದ್ದವು. ಹಿಂದೆ ಮೂವತ್ತು ಲೀಟರಿನ ಪಾತ್ರೆ ಮಗುಚಿ, ಮೊದಲ ರಾತ್ರಿಗೆಂದು ಮನೆಯಲ್ಲೇ ಕಾಯಿಸಿ ತಂದ ಕುರಿಮಾಂಸದ ಸೂಪು ಸೀಟುಗಳ ಕೆಳಗೆ ಹರಿದು ಬಾಗಿಲ ಸಂದಿಯಿಂದ ಹೊಳೆಗಿಳಿಯಿತು. ಗಜ್ಜರಿ ತುಂಡುಗಳು ತೇಲಿಹೋಗುವುದನ್ನು ಹದಿನೆಂಟು ಜನ ಕುದುರೆಯ ಮೇಲೆ ಕೂತು ನೋಡಿದರು. ಇಂಗ್ವಾರ್ ಬಂದ. ಬೆಟ್ಟದ ದೊರೆ ಎಂದೇ ಅವನನ್ನು ಕರೆಯುವುದು. ಕುರಿ ಇಳಿಸುವ ಆ ಮೂರು ದಿನ ಅವನ ಮಾತೇ ಮಾತು. ಅವನು ಏನೂ ಕೇಳದೆ ಅವಳ ಕಂಕುಳಿಗೆ ಕೈಹಾಕಿ ಎತ್ತಿ, ತನ್ನ ಮುಂದೆ ಕುದುರೆಯ ತಡಿಯ ಮೇಲೆ ಅಡ್ಡ ಹಾಕಿಕೊಂಡು, ಕಾಲುಮುರಿದ ಕುರಿಮರಿಯನ್ನು ಒಯ್ಯುವ ಹಾಗೆ ದಡಕ್ಕೆ ಒಯ್ದು ಇಳಿಸಿದ. ಆ ರಾತ್ರಿ ಬೆಟ್ಟದ ಮೇಲೆ ತಂಗುವ ಗುಡಿಸಿಲಿನಲ್ಲಿ ಒಣ ಮೀನು ಅಗಿಯುತ್ತ ತ್ರಿಗ್ವಿ ನಾಲ್ಕು ಸಾಲು ಕಟ್ಟಿದ. ಕಾಲ್ದಾದ ಮೀನುಗಳಿಗೆ ಓಡ್ನಿ ಹಬ್ಬದೂಟ ಬಡಿಸಿದಳು ಅಂತ. ಸೊಗಸಾದ ಪದ್ಯ, ಪ್ರಾಸ ಎಲ್ಲೂ ತಪ್ಪಿರಲಿಲ್ಲ, ಅವಳೂ ನಕ್ಕಿದ್ದಳು. ಚಳಿಗಾಲವಿಡೀ ಅಂಗಡಿಯಲ್ಲಿ, ಚರ್ಚಿನಲ್ಲಿ, ಸಾವಿನ ಮನೆಯ ಕಾಫಿಯಲ್ಲಿ ಕೂಡ ಯಾರಾದರೂ ಅದನ್ನು ಗುನುಗುತ್ತಿದ್ದರು, ಅವಳು ನಗುತ್ತಲೇ ಇದ್ದಳು. ನಕ್ಕೂ ನಕ್ಕೂ ಅವಳ ಕೆನ್ನೆ ನೋಯುತ್ತಿತ್ತು.

ಏಪ್ರಿಲ್‌ನಲ್ಲಿ ಇಂಗ್ವಾರ್ ಅವಳ ಅಡುಗೆಮನೆಯಲ್ಲಿ ಕೂತು, ಅವಳೇ ಕರಿದ ಕ್ಲೈನಾ ಎಂಬ ಸಿಹಿ ತಿಂಡಿಯನ್ನು ಕಾಫಿಯಲ್ಲಿ ಅದ್ದಿ ತಿನ್ನುತ್ತ, ಈ ವರ್ಷ ತನ್ನ ಅಳಿಯನ ದೊಡ್ಡ ಜೀಪು ಬರಲಿ ಅಂದಿದ್ದ. ಅಳಿಯ ಅಂಗಡಿಯ ಡಬ್ಬಿ ಊಟ ಬಿಸಿ ಮಾಡಿ ಕೊಡುತ್ತಾನಂತೆ. ಬೇಸರ ಮಾಡಿಕೊಳ್ಳಬೇಡ, ನಿನಗೂ ವಯಸ್ಸಾಯಿತು, ಗಾಡಿಗೂ ಆಯಿತು ಅಂದ. ಗಾಡಿಯನ್ನು ಎತ್ತರಿಸುತ್ತೇನೆ ಎಂದು ಓಡ್ನಿ ಹೇಳಿದ್ದು ಆ ಕ್ಷಣಕ್ಕೆ ಬಾಯಿಗೆ ಬಂದ ಮಾತು. ಇಂಗ್ವಾರ್ ಕ್ಲೈನಾ ಕೆಳಗಿಟ್ಟು, ಯಾರು ಮಾಡುತ್ತಾರೆ ಎಂದು ಕೇಳಿದ. ಆ ಪ್ರಶ್ನೆ ಕೇಳುವಾಗಲೇ ಅವನ ಮುಖದಲ್ಲಿ ಒಂದು ನಗು ಏಳುತ್ತಿತ್ತು. ಅದು ಪೂರ್ತಿ ಏಳುವ ಮೊದಲೇ ಅವಳು, ಐವಿಂದುರ್ ಮಾಡುತ್ತಾನೆ ಅಂದುಬಿಟ್ಟಳು. ನಗು ಅಲ್ಲೇ ನಿಂತಿತು. ಐವಿಂದುರ್ ಅವಳ ಅಣ್ಣ. ನಲವತ್ತು ವರ್ಷ ಈ ಕಣಿವೆಯ ಟ್ರ್ಯಾಕ್ಟರು, ಜೀಪು, ದೋಣಿಯ ಎಂಜಿನ್ನು ಎಲ್ಲ ಅವನ ಕೈಯಲ್ಲೇ ಬದುಕಿದ್ದು. ಅವನು ಮಾಡಿದರೆ ನನ್ನದೇನೂ ಮಾತಿಲ್ಲ, ಹೊರಡುವ ಹಿಂದಿನ ಸಂಜೆಯೊಳಗೆ ಪತ್ರ ತೋರಿಸು, ಅಡುಗೆ ನಿನ್ನದೇ, ಇಲ್ಲವಾದರೆ ಅಳಿಯನದು ಎಂದು ಹೇಳಿ ಇಂಗ್ವಾರ್ ಇನ್ನೊಂದು ಕ್ಲೈನಾ ತೆಗೆದುಕೊಂಡಿದ್ದ.

ಒಮ್ಮೆ ಹೇಳಿದ ಸುಳ್ಳು ಆಮೇಲೆ ತಾನೇ ನಡೆದಾಡಲು ಕಲಿಯಿತು. ಬಿಡಿಭಾಗದ ಅಂಗಡಿಯವನು ಉದ್ದನೆಯ ಬ್ರೇಕ್ ಪೈಪು ಕೊಡುವಾಗ, ಐವಿಂದುರ್ ಮತ್ತೆ ಕೆಲಸ ಶುರು ಮಾಡಿದ್ನಾ, ಒಳ್ಳೇದಾಯ್ತು ಅಂದ. ಹೌದು ಅಂದಳು. ಚರ್ಚಿನ ಮುಂದೆ ಯಾರೋ ಐವಿಂದುರನ ಬೆನ್ನು ತಟ್ಟಿ ಅದನ್ನೇ ಹೇಳಿದಾಗ, ಅವನು ಕೈಗಳನ್ನು ಕೋಟಿನ ಜೇಬಿನಿಂದ ತೆಗೆಯದೆ ಸುಮ್ಮನೆ ತಲೆಯಾಡಿಸಿದ್ದನ್ನು ಅವಳು ನೋಡಿದಳು. ಅವನ ಕೈಗಳು ಎರಡು ವರ್ಷದಿಂದ ನಡುಗುತ್ತವೆ. ಕಾಫಿಯನ್ನು ಅರ್ಧ ಲೋಟಕ್ಕಿಂತ ಹೆಚ್ಚು ಹಾಕಿಸಿಕೊಳ್ಳುವುದಿಲ್ಲ. ಊರಿಗೆ ಗೊತ್ತಿರುವುದು ಬೆನ್ನುನೋವಿನಿಂದ ಕೆಲಸ ಬಿಟ್ಟ ಎಂದು; ನಿಜ ಗೊತ್ತಿರುವುದು ಓಡ್ನಿಗೊಬ್ಬಳಿಗೆ. ಆವತ್ತು ಚರ್ಚಿನ ಮುಂದೆ ಅವನ ಬೆನ್ನು ಸ್ವಲ್ಪ ನೆಟ್ಟಗಾದದ್ದನ್ನು ಕಂಡು ಅವಳಿಗೆ ಸಮಾಧಾನವಾಯಿತು. ಸುಳ್ಳು ಹೇಳಿದ್ದು ಅವನಿಗಾಗಿಯೇ ಎಂದು ಅಂದುಕೊಂಡರೆ ಎಷ್ಟು ಚೆಂದ. ಆದರೆ ಇಂಗ್ವಾರನ ಆ ಅರ್ಧ ನಗುವಿಗೆ ಹೆದರಿ ಹೇಳಿದ್ದಲ್ಲವೇ? ಯಾವುದು ಮೊದಲು ಬಂತು, ಪ್ರೀತಿಯೋ ಪುಕ್ಕಲುತನವೋ ಎಂದು ರಾತ್ರಿ ಮಲಗಿ ಎಷ್ಟು ಕೆದಕಿದರೂ ಅವಳಿಗೆ ಬಗೆಹರಿದಿರಲಿಲ್ಲ.

ತ್ರಿಗ್ವಿ ಗಾಜು ಕುಟ್ಟಿ ಒಳಗೆ ಬಾ ಎಂದು ಸನ್ನೆ ಮಾಡಿದ. ಒಳಗೆ ಎಣ್ಣೆಯ ವಾಸನೆ, ತಣ್ಣನೆಯ ಸಿಮೆಂಟಿನ ವಾಸನೆ. ಅವನು ಸರಳೊಂದನ್ನು ಸಂದಿಗೆ ಹಾಕಿ ಮೀಟಿದ, ಸುತ್ತಿಗೆಯಿಂದ ಅಲ್ಲಲ್ಲಿ ಕುಟ್ಟಿದ, ಕಿವಿಯಿಟ್ಟು ಕೇಳಿದ. ಎಲ್ಲೂ ಅಲುಗಾಟವಿಲ್ಲ. ಬೆಸುಗೆ ಹಾಕಿದ ಜಾಗದ ಮೇಲೆ ಹೆಬ್ಬೆರಳು ಸವರಿ, ಇದು ಐವಿಂದುರನ ಕೈ ಎಂದು ಸಾವಿರ ಬೆಸುಗೆಯ ನಡುವೆಯೂ ಹೇಳಬಲ್ಲೆ ಅಂದ. ಹೊಗಳಿಕೆ ಅವಳ ಮೂಗಿನ ತುದಿಗೆ ಬಂದು ಬೇರೆ ಮನೆಗೆ ಹೋಯಿತು. ಆ ಬೆಸುಗೆ ಕಲಿಯಲು ಅವಳು ಮೂರು ವಾರ ಹಳೇ ಗುದ್ದಲಿ ತಲೆಗಳ ಮೇಲೆ ಅಭ್ಯಾಸ ಮಾಡಿದ್ದಳು. ಮುಂಗೈ ಮೇಲೆ ಕಿಡಿ ಬಿದ್ದ ಚುಕ್ಕಿಗಳಿನ್ನೂ ಇದ್ದವು. ಅವಳು ಅಂಗಿಯ ತೋಳು ಕೆಳಗೆಳೆದುಕೊಂಡಳು. ತ್ರಿಗ್ವಿ ಬಿಳಿ ಬಿಲ್ಲೆಗಳಿಗೆ ಟಾರ್ಚು ಹಿಡಿದು, ಇಷ್ಟು ಗಟ್ಟಿ ಪ್ಲಾಸ್ಟಿಕ್ಕು ಅಣ್ಣನಿಗೆ ಎಲ್ಲಿ ಸಿಕ್ಕಿತು, ಇದರ ಮೇಲೇಕೆ ಇಷ್ಟೊಂದು ಗೀರು ಎಂದು ಕೇಳಿದ. ಹಳೇದು, ಎಲ್ಲೋ ಬಿದ್ದಿತ್ತು ಎಂದಳು. ಅದು ಎಲ್ಲೋ ಬಿದ್ದಿದ್ದಲ್ಲ. ಮೀನಿನ ಕಾರ್ಖಾನೆ ಮುಚ್ಚಿದ ದಿನ ಕೊಯ್ಯುವ ಮೇಜುಗಳನ್ನು ಹೊರಗೆ ಬಿಸಾಡಿದ್ದರು; ಏಳನೇ ಮೇಜಿನ ಹಲಗೆಯನ್ನು ಅವಳು ಮನೆಗೆ ಹೊತ್ತು ತಂದಿದ್ದಳು. ಹತ್ತೊಂಬತ್ತು ವರ್ಷ ನಿಂತ ಜಾಗವನ್ನು ಹಾಗೇ ಬಿಟ್ಟು ಬರಲು ಮನಸ್ಸಾಗಿರಲಿಲ್ಲ. ಬೇಸಿಗೆಯಲ್ಲಿ ಆ ಹಲಗೆಯನ್ನೇ ದುಂಡಗೆ ಕತ್ತರಿಸಿ, ನಾಲ್ಕು ಸಲ ಕೆಡಿಸಿ, ಐದನೆಯ ಸಲಕ್ಕೆ ಸರಿಯಾದ ಬಿಲ್ಲೆ ಮಾಡಿದ್ದಳು.

ಗ್ರಾನಾಳನ್ನು ಇಳಿಸಿ, ನೆಲದಲ್ಲಿ ಹೂತ ಉರುಳೆಗಳ ಮೇಲೆ ನಿಲ್ಲಿಸಿ ತ್ರಿಗ್ವಿ ಬ್ರೇಕು ಪರೀಕ್ಷೆ ಮಾಡಿದ. ಮುಂದಿನ ಚಕ್ರಗಳಿಗೆ ಗೋಡೆಯ ಮೇಲಿನ ಮಾಪಕದ ಮುಳ್ಳು ಚಂಗನೆ ಮೇಲೇರಿತು. ಹಿಂದಿನ ಚಕ್ರಗಳಿಗೆ ಮುಳ್ಳು ಸ್ವಲ್ಪ ಎದ್ದು, ಬೇಸರ ಬಂದವರ ಹಾಗೆ ಅಲ್ಲೇ ನಿಂತುಬಿಟ್ಟಿತು. ಅವನು ಮತ್ತೊಮ್ಮೆ ತುಳಿದ. ಮತ್ತೆ ಅಷ್ಟೇ. ಓಡ್ನಿ ಮುಳ್ಳಿನ ಹತ್ತಿರ ಹೋಗಿ ನೋಡಿದಳು. ಸೋಮವಾರ ಮನೆಯ ಮುಂದಿನ ಇಳಿಜಾರಿನಲ್ಲಿ ಬ್ರೇಕು ತುಳಿದಾಗ ಗಾಡಿ ಮೂಗು ಕುಕ್ಕಿದ ಹಾಗೆ ಆಗಿತ್ತು. ಎತ್ತರವಾದ ಗಾಡಿ ಹಾಗೇ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಕಂಡೂ ಕಾಣದ ಹಾಗಿದ್ದಳು. ತ್ರಿಗ್ವಿ ವ್ಯಾನನ್ನು ಮತ್ತೆ ಮೇಲೇರಿಸಿ ಹಿಂದಿನ ಅಚ್ಚಿನ ಹತ್ತಿರ ಟಾರ್ಚು ಹಿಡಿದ. ಆಮೇಲೆ ನಗಲು ಶುರುಮಾಡಿದ. ಅಲ್ಲಿ ಬೆರಳು ಗಾತ್ರದ ಒಂದು ಸರಳು, ಒಂದು ತುದಿ ಅಚ್ಚಿಗೆ, ಇನ್ನೊಂದು ತುದಿ ಮೇಲಿನ ಬ್ರೇಕ್ ಕವಾಟಕ್ಕೆ. ಗಾಡಿಯಲ್ಲಿ ಭಾರ ಬಿದ್ದು ಮೈ ಕೆಳಗೆ ಕೂತಾಗ ಆ ಸರಳು ಕವಾಟವನ್ನು ಒತ್ತಿ, ಹಿಂದಿನ ಬ್ರೇಕಿಗೆ ಹೆಚ್ಚು ಬಲ ಕೊಡು ಅನ್ನುತ್ತದೆ. ಗಾಡಿಯ ಮೈಯನ್ನು ನಾಲ್ಕು ಬೆರಳು ಎತ್ತಿದವರು ಸರಳಿನ ಕೆಳತುದಿಯನ್ನೂ ನಾಲ್ಕು ಬೆರಳು ಎತ್ತಬೇಕು. ಎತ್ತಿರಲಿಲ್ಲ. ಹಾಗಾಗಿ ಹದಿನೆಂಟು ಜನರ ಮೂರು ದಿನದ ಊಟ ಹೇರಿದರೂ ಗ್ರಾನಾ ತನ್ನನ್ನು ಖಾಲಿ ಎಂದೇ ತಿಳಿದುಕೊಳ್ಳುತ್ತಿದ್ದಳು. ಬ್ರೇಕ್ ಪೈಪು ಉದ್ದ ಮಾಡಿದ್ದಳು, ದೀಪದ ಮುಖ ಕೆಳಗಿಳಿಸಿದ್ದಳು, ಚಕ್ರ ನೇರ ಮಾಡಿಸಿದ್ದಳು. ಈ ಒಂದು ಸರಳು ಮೂರು ತಿಂಗಳು ಅವಳ ಕಣ್ಣೆದುರೇ ನೇತಾಡುತ್ತಿತ್ತು.

ತ್ರಿಗ್ವಿಗೆ ಖುಷಿಯೋ ಖುಷಿ. ಈ ನಾಡಿನಲ್ಲಿ ಗಾಡಿ ಎತ್ತರಿಸುವ ಪ್ರತಿಯೊಬ್ಬ ಹೊಸಬನೂ ಮಾಡುವ ತಪ್ಪು ಇದು, ಇದನ್ನು ಐವಿಂದುರ್ ಮಾಡುವುದೇ ಅಂದ. ಮೂವತ್ತು ವರ್ಷದಿಂದ ಅವನದೊಂದು ತಪ್ಪು ಹಿಡಿಯಬೇಕೆಂದು ಕಾದಿದ್ದನಂತೆ. ಓಡ್ನಿ ಏನೋ ಹೇಳುವಷ್ಟರಲ್ಲಿ ಫೋನು ತೆಗೆದು ನಂಬರು ಒತ್ತಿ, ಅವಳಿಗೂ ಕೇಳಲಿ ಎಂದು ಧ್ವನಿ ಜೋರು ಮಾಡಿ ಕೆಲಸದ ಮೇಜಿನ ಮೇಲಿಟ್ಟ.

"ಏನಪ್ಪಾ ಐವಿಂದುರ್, ಹಿಂದಿನ ಬ್ರೇಕಿನ ಸರಳು ಮರ್ತ್‌ಬಿಟ್ಯಲ್ಲೋ. ನಿನ್ ತಂಗೀನ ಇಳಿಜಾರಲ್ಲಿ ಬೀಳಿಸ್ಬೇಕು ಅಂತಿದ್ಯಾ?"

ಆ ಕಡೆಯಿಂದ ಗಡಿಯಾರದ ಸದ್ದು ಕೇಳಿಸಿತು. ಅಣ್ಣನ ಅಡುಗೆಮನೆಯ ಗಡಿಯಾರ, ಅಮ್ಮನದು. ಅವನು ಯೋಚಿಸುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಯಾರು ಮಾಡಿದ್ದು ಎಂದಲ್ಲ, ಏನು ಹೇಳಬೇಕು ಎಂದು.

"ಹೌದು," ಅಂದ ಐವಿಂದುರ್. "ಮರ್ತೆ. ನನ್ನದೇ ತಪ್ಪು."

ನಲವತ್ತು ವರ್ಷ ತಪ್ಪು ಮಾಡದ ಮನುಷ್ಯ, ತಾನು ಮುಟ್ಟದ ಕೆಲಸದ ತಪ್ಪನ್ನು, ಉಪ್ಪು ಕೊಡು ಅಂದಷ್ಟು ಸಲೀಸಾಗಿ ತನ್ನ ಲೆಕ್ಕಕ್ಕೆ ಹಾಕಿಕೊಂಡ. ಬೇಸಿಗೆಯೆಲ್ಲ ಅವಳು ಕೊಟ್ಟ ಹೆಸರನ್ನು ಮರು ಮಾತಿಲ್ಲದೆ ಹೊತ್ತವನು ಈಗ ಅದರ ಜೊತೆ ಬಂದ ಅವಮಾನವನ್ನೂ ಹೊರುತ್ತಿದ್ದ. ನಾಳೆ ಗುಡಿಸಿಲಿನಲ್ಲಿ ನಾಲ್ಕು ಸಾಲು ಹುಟ್ಟುತ್ತದೆ, ಚಳಿಗಾಲವಿಡೀ ಊರು ಅದನ್ನು ಗುನುಗುತ್ತದೆ, ಐವಿಂದುರ್ ಜೇಬಿನಲ್ಲಿ ಕೈಯಿಟ್ಟುಕೊಂಡು ನಗುತ್ತಾನೆ. ಅವನ ಕೆನ್ನೆ ನೋಯುವುದು ಅವಳಿಗೆ ಈಗಲೇ ಕಾಣಿಸಿತು. ಅದರ ಜೊತೆಗೆ, ಹೇಳಲು ನಾಚಿಕೆಯಾದರೂ ನಿಜ, ಅವಳಿಗೆ ಸಿಟ್ಟೂ ಬಂತು. ಹೆಸರು ಹೋಗಿತ್ತು, ಈಗ ತಪ್ಪನ್ನೂ ಯಾರೋ ಒಯ್ಯುತ್ತಿದ್ದರು; ಅವಳದೆಂಬುದು ಆ ಗಾಡಿಯ ಕೆಳಗೆ ಏನೂ ಉಳಿಯುತ್ತಿರಲಿಲ್ಲ.

"ಸುಳ್ಳು," ಅಂದಳು. ಧ್ವನಿ ಅವಳೆಣಿಸಿದ್ದಕ್ಕಿಂತ ಜೋರಾಗಿ ಬಂತು. "ಅವನು ಒಂದು ಸ್ಪ್ಯಾನರೂ ಮುಟ್ಟಿಲ್ಲ. ನಾನು ಮಾಡಿದ್ದು. ಸರಳು ಮರ್ತಿದ್ದೂ ನಾನೇ, ಬೆಸುಗೆ ಹಾಕಿದ್ದೂ ನಾನೇ."

"ಓಡ್ನಿ, ಸುಮ್ನಿರು," ಅಂದಿತು ಫೋನು.

"ಸುಮ್ನಿದ್ದು ಸಾಕಾಯ್ತು, ಅಣ್ಣ."

ತ್ರಿಗ್ವಿ ಒಮ್ಮೆ ಫೋನನ್ನು, ಒಮ್ಮೆ ಅವಳನ್ನು ನೋಡಿದ. ನಂಬಿದ ಹಾಗೆ ಕಾಣಲಿಲ್ಲ. ಅಣ್ಣನ ಮಾನ ಉಳಿಸಲು ಹೇಳುತ್ತಿದ್ದಾಳೆ ಎಂದುಕೊಂಡಿರಬೇಕು, ಅವನ ಮುಖದಲ್ಲಿ ಒಂದು ಮರುಕ ಮೂಡಿತು. ಇಂಗ್ವಾರನ ನಗುವಿಗಿಂತ ಅದು ಕೆಟ್ಟದಾಗಿತ್ತು. ಅವಳು ಅವನ ಕೈಯಿಂದ ಟಾರ್ಚು ಕಿತ್ತುಕೊಂಡು ಬಿಳಿ ಬಿಲ್ಲೆಗೆ ಹಿಡಿದಳು. ಇದು ಮೀನಿನ ಕಾರ್ಖಾನೆಯ ಏಳನೇ ಮೇಜು, ಆ ಗೀರುಗಳು ಯಾವ ಕಡೆ ವಾಲಿವೆ ನೋಡು ಅಂದಳು. ಅವನು ನೋಡಿದ. ಅವನ ತಾಯಿ ಅದೇ ಕಾರ್ಖಾನೆಯಲ್ಲಿ ಎಂಟನೇ ಮೇಜಿನಲ್ಲಿ ನಿಂತವಳು. ಚಿಕ್ಕಂದಿನಲ್ಲಿ ಶಾಲೆ ಬಿಟ್ಟು ಅಲ್ಲಿಗೇ ಬರುತ್ತಿದ್ದ. ಎಲ್ಲರ ಮೇಜಿನ ಗೀರು ಒಂದು ಕಡೆಗೆ, ಒಬ್ಬಳದು ಮಾತ್ರ ಅದರ ಎದುರು ಕಡೆಗೆ. ಎಡಗೈಯವಳ ಪಕ್ಕ ನಿಲ್ಲಬೇಡ, ಚಾಕು ತಾಗುತ್ತದೆ ಎಂದು ತಾಯಿ ಗದರುತ್ತಿದ್ದುದು ಅವನಿಗೂ ನೆನಪಾಗಿರಬೇಕು. ಅವನು ಬಿಲ್ಲೆಯನ್ನು ಮುಟ್ಟಿದ, ಆಮೇಲೆ ಬೆಸುಗೆಯನ್ನು ಇನ್ನೊಮ್ಮೆ ಮುಟ್ಟಿದ, ಆಮೇಲೆ ಅವಳ ಮುಂಗೈ ಮೇಲಿನ ಚುಕ್ಕಿಗಳನ್ನು ನೋಡಿದ.

"ಹಾಗಾದ್ರೆ ನೀನೇನ್ ಮಾಡ್ದೆ, ಐವಿಂದುರ್?" ಎಂದು ಕೊನೆಗೆ ಫೋನಿಗೆ ಕೇಳಿದ.

"ದೀಪ ಹಿಡ್ಕೊಂಡಿದ್ದೆ," ಅಂದ ಐವಿಂದುರ್. "ಅದನ್ನೂ ನೆಟ್ಟಗೆ ಹಿಡೀಲಿಲ್ಲ." ಫೋನು ಇಟ್ಟ ಸದ್ದಾಯಿತು.

ಓಡ್ನಿ ಏಳು ವರ್ಷದವಳಿದ್ದಾಗ ಅಣ್ಣ ಟ್ರ್ಯಾಕ್ಟರಿನ ಕೆಳಗೆ ಮಲಗಿದರೆ ದೀಪ ಹಿಡಿಯುವ ಕೆಲಸ ಅವಳದು. ಕೈ ಸೋತು ಬೆಳಕು ಸ್ವಲ್ಪ ಅಲ್ಲಾಡಿದರೂ ಬೈಗುಳ ಬೀಳುತ್ತಿತ್ತು: ಏ ಕತ್ತೆ, ನಾನು ಕೈ ನೋಡ್ಬೇಕೋ ನೆರಳು ನೋಡ್ಬೇಕೋ. ದೀಪ ಹಿಡಿದೂ ಹಿಡಿದೂ ಅವಳು ಎಲ್ಲ ನೋಡಿಕೊಂಡಿದ್ದಳು, ಯಾವುದನ್ನು ಮೊದಲು ಬಿಚ್ಚಬೇಕು, ತುಕ್ಕು ಹಿಡಿದ ನಟ್ಟಿಗೆ ಎಷ್ಟು ಹೊತ್ತು ಎಣ್ಣೆ ಬಿಡಬೇಕು. ಈ ಬೇಸಿಗೆ ಅವಳು ಗ್ರಾನಾಳ ಕೆಳಗೆ ಮಲಗಿದ್ದಳು, ಅವನು ಬೋರಲು ಹಾಕಿದ ಮೀನಿನ ತೊಟ್ಟಿಯ ಮೇಲೆ ಕೂತು ಎರಡೂ ಕೈಯಲ್ಲಿ ದೀಪ ಹಿಡಿದಿದ್ದ. ಬೆಳಕು ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ, ಸ್ಪ್ರಿಂಗಿನ ಮೇಲೆ, ನಟ್ಟಿನ ಮೇಲೆ, ಅವಳ ಬೆರಳಿನ ಮೇಲೆ ಕುಣಿಯುತ್ತಿತ್ತು. ಅವಳು ಒಮ್ಮೆಯೂ ಬೈಯಲಿಲ್ಲ. ಕುಣಿಯುವ ಬೆಳಕಿನಲ್ಲಿ ಕೆಲಸ ಮಾಡುವುದನ್ನು ಕಲಿತುಕೊಂಡಳು. ಆ ಸರಳು ಕಣ್ತಪ್ಪಿದ್ದು ಅದಕ್ಕೇ ಇರಬಹುದು, ಇಲ್ಲದೆಯೂ ಇರಬಹುದು. ಬೆಳಕಿನ ಮೇಲೆ ತಪ್ಪು ಹಾಕಲು ಅವಳಿಗೆ ಮನಸ್ಸಿರಲಿಲ್ಲ.

ಗಂಟೆ ಎರಡೂ ಮುಕ್ಕಾಲು. ಶೆಡ್ಡಿನೊಳಗೆ ರಿಪೇರಿ ಮಾಡುವಂತಿಲ್ಲ, ತಪಾಸಣೆ ಮಾಡುವವನು ಕೈ ಹಾಕುವಂತೆಯೂ ಇಲ್ಲ, ಅದು ನಿಯಮ. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಬಂದರೂ ನೋಡುತ್ತೇನೆ, ನಾಲ್ಕು ದಾಟಿದರೆ ಸೋಮವಾರ ಎಂದ ತ್ರಿಗ್ವಿ. ಓಡ್ನಿ ಗ್ರಾನಾಳನ್ನು ಹೊರಗಿನ ಜಲ್ಲಿಯ ಮೇಲೆ ನಿಲ್ಲಿಸಿದಳು. ಸಮುದ್ರದ ಕಡೆಯಿಂದ ಬೀಸುವ ಗಾಳಿಗೆ ವ್ಯಾನಿನ ಬಾಗಿಲು ಹಿಡಿದರೂ ನಿಲ್ಲುತ್ತಿರಲಿಲ್ಲ. ಬೇಕಾಗಿದ್ದು ತೂತುಗಳಿರುವ ಒಂದು ಚಪ್ಪಟೆ ಕಬ್ಬಿಣದ ಪಟ್ಟಿ, ನಾಲ್ಕು ಬೆರಳು ಮೇಲೆ ಹಿಡಿದು ನಿಲ್ಲಿಸುವಂಥದ್ದು. ಅಂಗಡಿಗೆ ಹೋಗಿ ಬರಲು ಹೊತ್ತಿಲ್ಲ. ಅವಳು ವ್ಯಾನಿನೊಳಗೆ ಒಂದು ಸುತ್ತು ಕಣ್ಣಾಡಿಸಿದಳು; ಕಣ್ಣು ಸೂಪಿನ ಪಾತ್ರೆಯನ್ನು ಕಟ್ಟುವ ಕಬ್ಬಿಣದ ಪಟ್ಟಿಯ ಮೇಲೆ ಬಿತ್ತು. ಹೋದ ವರ್ಷ ಮರ್ಯಾದೆ ಹೋದ ಮೇಲೆ, ಇನ್ನೆಂದೂ ಪಾತ್ರೆ ಮಗುಚಬಾರದೆಂದು ತಾನೇ ನೆಲಕ್ಕೆ ಬಿಗಿದ ಪಟ್ಟಿ. ಅದನ್ನು ಬಿಚ್ಚಲು ಕೈ ಒಂದು ನಿಮಿಷ ಹಿಂಜರಿಯಿತು. ಪಾತ್ರೆಯೋ ಬ್ರೇಕೋ ಎಂದು ಕೇಳಿಕೊಂಡರೆ ಉತ್ತರ ಕಷ್ಟದ್ದಲ್ಲ. ಬಿಚ್ಚಿದಳು. ಗರಗಸದಿಂದ ಕೊಯ್ದಳು, ಜಲ್ಲಿಯ ಮೇಲೆ ಅಂಗಾತ ಮಲಗಿ ಕೆಳಗೆ ಜಾರಿದಳು. ಕಲ್ಲು ಬೆನ್ನಿಗೆ ಚುಚ್ಚುತ್ತಿತ್ತು, ತುಕ್ಕಿನ ಪುಡಿ ಕಣ್ಣಿಗೆ ಬಿತ್ತು. ದೀಪ ಹಿಡಿಯಲು ಯಾರೂ ಇರಲಿಲ್ಲ. ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡಳು. ಎಡಗೈ ಬೆರಳು ನಾಲ್ಕನ್ನೂ ಅಚ್ಚಿನ ಮೇಲಿಟ್ಟು ಅಳೆದು, ಅಷ್ಟು ಮೇಲಕ್ಕೆ ಸರಳಿನ ತುದಿಯನ್ನು ತಂದು ಬಿಗಿದಳು. ಕೊನೆಯಲ್ಲಿ ಜೇಬಿನಿಂದ ಹಳದಿ ಬಣ್ಣದ ಪೆನ್ನು ತೆಗೆದು ನಟ್ಟಿನ ಮೇಲೆ ಒಂದು ಗೆರೆ ಎಳೆದಳು. ಹೊರಗೆ ಬಂದಾಗ ತ್ರಿಗ್ವಿ ಗಾಜಿನ ಹಿಂದೆ ಕಾಫಿ ಹಿಡಿದು ನಿಂತಿದ್ದ, ಎಷ್ಟು ಹೊತ್ತಿನಿಂದಲೋ.

ಉರುಳೆಗಳ ಮೇಲೆ ಅವಳು ತಾನೇ ಬ್ರೇಕು ತುಳಿದಳು. ಗೋಡೆಯ ಮುಳ್ಳು ಎದ್ದಿತು, ಹೋದಸಲ ನಿಂತಲ್ಲಿ ನಿಲ್ಲಲಿಲ್ಲ, ಮೇಲೆ ಹೋಯಿತು, ಇನ್ನೂ ಮೇಲೆ ಹೋಯಿತು. ಸಾಕು, ಉರುಳೆ ಮುರೀಬೇಡ ಎಂದು ತ್ರಿಗ್ವಿ ಹೊರಗಿಂದ ಕೂಗಿದ. ಮೇಜಿನ ಬಳಿ ಅವನು ಪತ್ರ ತುಂಬುತ್ತ, ಬದಲಾವಣೆ ಮಾಡಿದವರು ಎಂಬ ಸಾಲಿಗೆ ಬಂದಾಗ ನಿಂತ. ಮೊದಲೇ ಐವಿಂದುರ್ ಎಂದು ಬರೆದಿಟ್ಟಿದ್ದ. ಅದನ್ನು ಹೊಡೆದುಹಾಕಿ ಮೇಲೆ ಬರೆಯಲು ಹೋದ, ಪೆನ್ನು ಎತ್ತಿದ, ಇಡೀ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿ ಹೊಸದು ತೆಗೆದ. ಮೊದಲಿನಿಂದ ಎಲ್ಲವನ್ನೂ ಮತ್ತೆ ಬರೆದ, ನಿಧಾನವಾಗಿ, ಶಾಲೆಯ ಮಕ್ಕಳ ಹಾಗೆ ಅಕ್ಷರ ಬಿಡಿಸಿ. ಓಡ್ನಿ ತಲೆಕೆಳಗಾಗಿ ತನ್ನ ಹೆಸರು ಓದಿದಳು. ಎಣ್ಣೆಗೈಯಲ್ಲಿ ಪತ್ರ ಹಿಡಿದು ಕೊಳೆಮಾಡಲು ಮನಸ್ಸಾಗದೆ, ತೋಳಿನಿಂದ ಒತ್ತಿ ಹಿಡಿದುಕೊಂಡು ಹೋದಳು.

ಸಂಜೆ ಇಂಗ್ವಾರ್ ತನ್ನ ಗೇಟಿನ ಬಳಿ ಪತ್ರ ಓದಿದ. ಹೆಸರಿನ ಸಾಲನ್ನು ಎರಡು ಸಲ ಓದಿದ್ದು ಅವಳಿಗೆ ಗೊತ್ತಾಯಿತು. ಬಗ್ಗಿ ಗಾಡಿಯ ಕೆಳಗೆ ನೋಡಿ, ಹಿಂದಿನ ಸ್ಪ್ರಿಂಗು ಒಳ್ಳೇ ಮಾಲು, ಯಾವ ಗಾಡಿಯದು ಅಂದ. ನಿನ್ನದೇ ಅಂದಳು ಓಡ್ನಿ. ನಾಲ್ಕು ವರ್ಷದ ಹಿಂದೆ ಇಂಗ್ವಾರ್ ಇದೇ ಕಾಲ್ದಾದಲ್ಲಿ ತನ್ನ ಜೀಪು ಮುಳುಗಿಸಿ ಗುಜರಿಗೆ ಹಾಕಿದ್ದ; ಅದರ ಮೇಲೆ ಯಾರೂ ಪದ್ಯ ಕಟ್ಟಿರಲಿಲ್ಲ. ಅವನು ಪತ್ರ ಮಡಚಿ ಹಿಂದೆ ಕೊಟ್ಟು, ಸರಿ, ಆರು ಗಂಟೆಗೆ ಹೊರಡುವುದು ಎಂದಷ್ಟೇ ಹೇಳಿದ.

ಪಾತ್ರೆಗೆ ಪಟ್ಟಿ ಇಲ್ಲದಿರುವುದು ಬೆಳಿಗ್ಗೆ ಐದಕ್ಕೆ ಸೂಪು ತುಂಬುವಾಗ ಅವಳಿಗೆ ಮತ್ತೆ ನೆನಪಾಯಿತು. ಮನೆಯಲ್ಲಿದ್ದ ತೆಳು ಹಗ್ಗ ಕಟ್ಟಿ ನೋಡಿದಳು, ಜಾರಿತು. ಕೊನೆಗೆ ಅಣ್ಣನ ಮನೆಯ ಮುಂದೆ ನಿಲ್ಲಿಸಿ, ಬೂಟು ಹಾಕ್ಕೊ, ಪಾತ್ರೆ ಹಿಡಿಯೋಕೆ ಜನ ಬೇಕು ಅಂದಳು. ಅವನು ತನ್ನ ಕೈಗಳನ್ನು ನೋಡಿಕೊಂಡ, ಅವಳನ್ನು ನೋಡಿದ. ನಿನ್ನ ತಲೆ ಸರಿ ಇದೆಯಾ ಎಂದು ಕೇಳಿದ. ಕೇಳುತ್ತಲೇ ಬೂಟು ಹಾಕಿಕೊಂಡ.

ಕಾಲ್ದಾ ಹೊಳೆ ಹೋದ ವರ್ಷಕ್ಕಿಂತ ಹೆಚ್ಚು ತುಂಬಿತ್ತು. ಹದಿನೆಂಟು ಜನ ಆಗಲೇ ದಾಟಿ ಆಚೆ ದಡದಲ್ಲಿ ಕುದುರೆ ನಿಲ್ಲಿಸಿಕೊಂಡು ನೋಡುತ್ತಿದ್ದರು. ಇಂಗ್ವಾರನ ತಡಿಯಲ್ಲಿ ಎಳೆಯುವ ಹಗ್ಗ ಸುರುಳಿ ಸುತ್ತಿ ಸಿದ್ಧವಾಗಿತ್ತು. ತ್ರಿಗ್ವಿ ಕೈಗವುಸು ಬಿಚ್ಚಿ ಬೆರಳ ಮೇಲೆ ಏನೋ ಎಣಿಸುತ್ತಿದ್ದ, ಸಾಲಿನ ಮಾತ್ರೆಗಳನ್ನೇ ಇರಬೇಕು. ಓಡ್ನಿ ಗ್ರಾನಾಳನ್ನು ನೀರಿಗಿಳಿಸಿದಳು. ಹಿಂದೆ ಐವಿಂದುರ್ ನೆಲದ ಮೇಲೆ ಕಾಲು ಅಗಲಿಸಿ ಕೂತು, ಪಾತ್ರೆಯನ್ನು ಎರಡೂ ತೋಳಿನಿಂದ ತಬ್ಬಿಕೊಂಡು, ಗಲ್ಲವನ್ನು ಮುಚ್ಚಳದ ಮೇಲೆ ಒತ್ತಿಟ್ಟಿದ್ದ. ಮುಚ್ಚಳ ಗಡಗಡ ಸದ್ದು ಮಾಡುತ್ತಲೇ ಇತ್ತು. ನಡುಹೊಳೆಯಲ್ಲಿ ಆ ಕಲ್ಲು ಬಂತು. ಅವಳಿಗೆ ಅದು ಕಾಣಲಿಲ್ಲ, ಎಲ್ಲಿದೆಯೆಂದು ಗೊತ್ತಿತ್ತು, ಅಷ್ಟೇ. ಗ್ರಾನಾಳ ಹೊಟ್ಟೆಯ ಕೆಳಗೆ ನೀರು ಮಾತ್ರ ಹೋಯಿತು. ಕಲ್ಲು ಎಲ್ಲೋ ಕೆಳಗೆ, ನಾಲ್ಕು ಬೆರಳಿನಷ್ಟು ಕೆಳಗೆ, ಉಳಿದುಕೊಂಡಿತು. ಗ್ರಾನಾ ಆಚೆ ದಡ ಹತ್ತಿ, ನೀರು ಸುರಿಸಿಕೊಂಡು ಕುದುರೆಗಳ ನಡುವೆ ನಿಂತಳು. ಓಡ್ನಿಗೆ ಸ್ಟೀರಿಂಗಿನಿಂದ ಕೈ ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಇಷ್ಟು ಹೆಮ್ಮೆ ಒಂದು ಮೈಯಲ್ಲಿ ಹಿಡಿಸುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಇಂಗ್ವಾರ್ ಬಂದು ಹಿಂದಿನ ಬಾಗಿಲು ಎಳೆದ. ಐವಿಂದುರನ ಎದೆಯಿಂದ ಮಂಡಿಯವರೆಗೆ ಸೂಪು ಇಳಿದಿತ್ತು, ಗಡ್ಡದಲ್ಲಿ ಒಂದು ಗಜ್ಜರಿ ತುಂಡು. ಗಂಡಸರೆಲ್ಲ ಕತ್ತು ಉದ್ದ ಮಾಡಿ ನೋಡಿದರು.

"ಈ ವರ್ಷಾನೂ ಚೆಲ್ಲಿಸಿದ್ಳಾ?" ಅಂದ ಇಂಗ್ವಾರ್.

ಐವಿಂದುರ್ ಪಾತ್ರೆ ಬಿಟ್ಟು ಕಷ್ಟಪಟ್ಟು ಇಳಿದ. ಎರಡು ವರ್ಷದಿಂದ ಜೇಬಿನಲ್ಲಿದ್ದ ಕೈಗಳನ್ನು ಎಲ್ಲರಿಗೂ ಕಾಣುವ ಹಾಗೆ ಮುಂದೆ ಚಾಚಿ ಹಿಡಿದ. ಅವು ನಡುಗುತ್ತಿದ್ದವು.

"ಇದು ಈ ಕೈ ಚೆಲ್ಲಿದ್ದು," ಅಂದ. "ಎರಡು ವರ್ಷ ಆಯ್ತು, ಹೀಗೇ. ನನ್ ತಂಗಿ ಗಾಡಿ ಒಂದ್ ತೊಟ್ಟೂ ಚೆಲ್ಲಿಲ್ಲ."

ತ್ರಿಗ್ವಿ ಎಣಿಸುವುದನ್ನು ನಿಲ್ಲಿಸಿ ಕೈಗವುಸು ಹಾಕಿಕೊಂಡ. ಇಂಗ್ವಾರ್ ತಡಿಯಿಂದ ಹಗ್ಗ ಬಿಚ್ಚಿ, ಪಾತ್ರೆ ಕಟ್ಟೋಕೆ ಆಗ್ತದೆ ಎಂದು ಓಡ್ನಿಯ ಕೈಗೆ ಕೊಟ್ಟ. ಕಟ್ಟುವ ಮೊದಲು ಅವಳು ಮುಚ್ಚಳ ತೆಗೆದು ನೋಡಿದಳು. ಹದಿನೆಂಟು ಜನರಿಗೆ ಸಾಕಾಗಿ ಇನ್ನಿಬ್ಬರಿಗೂ ಮಿಗುವಷ್ಟಿತ್ತು.